ರಕ್ಷಣೆ ಸಿಕ್ಕಿದೆ ಅಂತ ನಂಬಿದ್ದೇನೆ, ಆದರೂ ಮನಸ್ಸಿಗೆ ತೃಪ್ತಿ ಯಾಕಿಲ್ಲ?

ಕೋಟೆ ಬೀದಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆಯನ್ನು ಸಭೆಯಲ್ಲಿ ಎದ್ದು ನಿಂತು ಕೇಳೋದು ಕಷ್ಟ. ಇವನಿಗೆ ಏನೋ ಆಗಿದೆ ಅಂತ ಮನೆಯವರು ಗಾಬರಿಯಾಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆ. ದೀಕ್ಷಾಸ್ನಾನ ಆಗಿದೆ. ಭಾನುವಾರ ಆರಾಧನೆ ತಪ್ಪಿಸುವುದಿಲ್ಲ. ಯೇಸು ನನ್ನ ರಕ್ಷಕ ಅಂತ ಮನಸಾರೆ ನಂಬಿದ್ದೇನೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಳಗೊಂದು ಚಡಪಡಿಕೆ ಇದೆ. ಅದು ಹೋಗುತ್ತಲೇ ಇಲ್ಲ.

ಅದು ಎಲ್ಲಿ ಶುರುವಾಯಿತು ಅಂತ ನನಗೆ ಚೆನ್ನಾಗಿ ಗೊತ್ತು. ಗಣಿ ಜೋರಾಗಿದ್ದ ಕಾಲದಲ್ಲಿ ಅಪ್ಪ ಫೈನಾನ್ಸ್ ಮೇಲೆ ಲಾರಿ ತೆಗೆದುಕೊಂಡರು. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಹಗಲು ರಾತ್ರಿ ಅದಿರು ಸಾಗುತ್ತಿತ್ತು. ಅಮ್ಮ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗಿರುತ್ತಿತ್ತು. ಮನೆಯಲ್ಲಿ ದುಡ್ಡು ಓಡಾಡಿತು, ನಿಜ. ಆದರೆ ಒಂದು ಲಾರಿ ಬಂದ ದಿನವೇ ಇನ್ನೊಂದು ಲಾರಿಯ ಮಾತು. ಅಪ್ಪ ನೆಮ್ಮದಿಯಾಗಿ ಕೂತು ಊಟ ಮಾಡಿದ್ದು ನಾನು ನೋಡಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ.

ಈಗ ಸಾಲ ತೀರಿದೆ. ನನಗೆ ಒಳ್ಳೆ ಕೆಲಸ ಇದೆ. ಆದರೆ ಅಪ್ಪನ ಆ ಓಟ ನನ್ನೊಳಗೂ ಬಂದುಬಿಟ್ಟಿದೆ. ಸಂಬಳ ಬಂದ ದಿನವೂ ಸಾಲದು ಅನ್ನಿಸುತ್ತದೆ. ಇತ್ತೀಚೆಗೆ ಒಂದು ಕೂಟದಲ್ಲಿ ಬೋಧಕರು ಹೇಳಿದರು, ತೃಪ್ತಿ ಇಲ್ಲದವನಿಗೆ ರಕ್ಷಣೆಯೇ ಆಗಿಲ್ಲ ಅಂತ. ಆ ಮಾತು ಚುಚ್ಚಿತು. ಅದು ನಿಜವಾ? ಬಲ್ಲವರು ಹೇಳಿ.

ಸ್ತೋತ್ರ ಮನೆ, ಹೊಸಪೇಟೆ ರಸ್ತೆ

ಬ್ರದರ್, ಮಲಾಕಿ 3:10 ಓದಿ. ದಶಮಾಂಶ ಭಂಡಾರಕ್ಕೆ ತನ್ನಿ, ಪರಲೋಕದ ಬಾಗಿಲು ತೆರೆದು ಸುರಿಯುತ್ತೇನೆ ಅಂತ ದೇವರೇ ಹೇಳಿದ್ದಾರೆ. ಮೊದಲು ದೇವರಿಗೆ ಕೊಟ್ಟು ನೋಡಿ. ನಮ್ಮ ಮನೆಯಲ್ಲಿ ಕೊಡಲು ಶುರು ಮಾಡಿದ ಮೇಲೆ ಕೈ ಬಿಗಿ ಇದ್ದದ್ದು ಸಡಿಲವಾಯಿತು. ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಸಿಂಧನೂರು ಅಕ್ಕ

ಮೇಲೆ ಬರೆದವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಕೊಡುವುದು ಒಳ್ಳೆಯದೇ. ಆದರೆ ತಮ್ಮ ಕೇಳುತ್ತಿರುವುದು ದುಡ್ಡು ಜಾಸ್ತಿ ಮಾಡುವುದು ಹೇಗೆ ಅಂತ ಅಲ್ಲ. ದುಡ್ಡು ಬಂದರೂ ಸಾಲದು ಅನ್ನಿಸುತ್ತಿದೆಯಲ್ಲ, ಅದಕ್ಕೇನು ಮಾಡಲಿ ಅಂತ. ಅವನಿಗೆ ಇನ್ನಷ್ಟು ಬರುತ್ತದೆ ಅಂತ ಹೇಳಿದರೆ ಅವರಪ್ಪನ ಎರಡನೇ ಲಾರಿಯ ಮಾತನ್ನೇ ಮತ್ತೆ ಆಡಿದಂತಾಗುತ್ತದೆ.

ಹಬಕ್ಕೂಕನ ಪುಸ್ತಕದ ಕೊನೆ ನಮ್ಮ ಕಡೆಯ ರೈತರಿಗೆಂದೇ ಬರೆದ ಹಾಗಿದೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ, ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮಾನ್ವಿ ಕಡೆ ಹೋಗಿ ನೋಡಿ. ನೀರು ಇವತ್ತು ಬಂತು, ನಾಳೆ ಬರುತ್ತೋ ಇಲ್ಲವೋ.

ನಮ್ಮ ಕ್ಯಾಂಪಿನ ಚರ್ಚಿನಲ್ಲಿ ಸುಗ್ಗಿ ಹಬ್ಬದ ದಿನ ಎಲ್ಲರೂ ಪ್ರಥಮ ಫಲ ತರುತ್ತಾರೆ. ಭತ್ತದ ಮೂಟೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಕೂಲಿಗೆ ನಾಟಿ ಮಾಡುವ ಒಬ್ಬ ಅಜ್ಜಿ ಇದ್ದಾರೆ, ಸ್ವಂತ ಹೊಲ ಇಲ್ಲ. ಮನೆ ಹಿಂದಿನ ಬಚ್ಚಲ ನೀರಿಗೆ ಬೆಳೆದ ಕೊತ್ತಂಬರಿ ತರುತ್ತಾರೆ. ಬೇರು ತೊಳೆದು, ಬಾಳೆ ನಾರಿನಲ್ಲಿ ಕಟ್ಟಿ, ಸೆರಗಿನಿಂದ ನೀರು ಒರೆಸಿ ಮುಂದೆ ಇಡುತ್ತಾರೆ. ಇಟ್ಟು ಕೈ ಮುಗಿದು ಬರುವಾಗ ಅವರ ಮುಖ ನೋಡಬೇಕು. ಏನೋ ಬರಲಿ ಅಂತ ಕೊಡುವವರ ಮುಖ ಅಲ್ಲ ಅದು. ಎಲ್ಲಾ ಸಿಕ್ಕಾಗಿದೆ ಅನ್ನುವವರ ಮುಖ. ಅವರನ್ನು ಒಮ್ಮೆ ಕೇಳಿದೆ, ಅಜ್ಜೀ, ಕಷ್ಟ ಅನ್ನಿಸಲ್ವಾ? "ಕಷ್ಟ ಅದ, ಆದ್ರ ಒಬ್ಬಾಕಿನೇ ಇಲ್ಲಲ್ಲ" ಅಂದರು.

ಗಂಗಾವತಿ ಮೇಷ್ಟ್ರು

ಬಳ್ಳಾರಿ ತಮ್ಮನಿಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಆ ಬೋಧಕರ ಮಾತು ನನಗೂ ಸರಿ ಕಾಣಲಿಲ್ಲ.

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ. ಫಿಲಿಪ್ಪಿ ಅನ್ನುವ ಊರು. ಯೇಸುವಿನ ಸುವಾರ್ತೆ ಸಾರುತ್ತಾ ಬಂದ ಪೌಲ, ಸೀಲ ಇಬ್ಬರಿಗೂ ಬೆತ್ತದಿಂದ ಹೊಡೆದು, ಕಾಲಿಗೆ ಕೋಳ ಹಾಕಿ, ಸೆರೆಮನೆಯ ಒಳಗಿನ ಕೋಣೆಗೆ ತಳ್ಳಿದ್ದಾರೆ. ನಡುರಾತ್ರಿ ಅವರು ಹಾಡುತ್ತಿದ್ದಾರೆ. ಭೂಕಂಪ ಆಗಿ ಬಾಗಿಲೆಲ್ಲ ತೆರೆಯುತ್ತದೆ. ಕೈದಿಗಳು ಓಡಿಹೋದರು ಅಂದುಕೊಂಡು ಸೆರೆಮನೆಯ ಯಜಮಾನ ಕತ್ತಿ ಹಿರಿದು ಸಾಯಲು ಹೊರಡುತ್ತಾನೆ. ಪೌಲ ಕೂಗಿ ತಡೆಯುತ್ತಾನೆ, ನಾವೆಲ್ಲಾ ಇಲ್ಲೇ ಇದ್ದೇವೆ ಅನ್ನುತ್ತಾನೆ. ಆಗ ಅವನು ನಡುಗುತ್ತಾ ಕೇಳುತ್ತಾನೆ, ರಕ್ಷಣೆ ಹೊಂದಲು ನಾನು ಏನು ಮಾಡಬೇಕು? ಉತ್ತರ ಒಂದೇ ಸಾಲು. ಕರ್ತನಾದ ಯೇಸುವನ್ನು ನಂಬು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ.

ಇದರಲ್ಲಿ ಷರತ್ತು ಇದೆಯಾ? ಮೊದಲು ನಿನ್ನ ಮನಸ್ಸು ಶಾಂತವಾಗಲಿ, ಆಮೇಲೆ ಬಾ ಅಂದರಾ? ಇಲ್ಲ. ಕೈ ನಡುಗುತ್ತಿರುವಾಗಲೇ ಅವನಿಗೆ ರಕ್ಷಣೆ ಸಿಕ್ಕಿತು. ಅದೇ ರಾತ್ರಿ ಅವರ ಗಾಯ ತೊಳೆದ. ಅದೇ ರಾತ್ರಿ ಅವನಿಗೆ ದೀಕ್ಷಾಸ್ನಾನ. ಮನೆಗೆ ಕರೆದುಕೊಂಡು ಹೋಗಿ ಊಟ ಬಡಿಸಿದ.

ಈಗ ವರ್ಷಗಳು ಕಳೆದ ಮೇಲೆ ಬನ್ನಿ. ಅದೇ ಪೌಲ ಮತ್ತೆ ಬಂಧನದಲ್ಲಿದ್ದಾನೆ. ಅದೇ ಫಿಲಿಪ್ಪಿಯ ಸಭೆಗೆ ಕಾಗದ ಬರೆಯುತ್ತಾನೆ. ಅದರ 4ನೇ ಅಧ್ಯಾಯದಲ್ಲಿದೆ ನಿಮಗೆ ಬೇಕಾದ ಮಾತು. ಇದ್ದಾಗಲೂ ಇಲ್ಲದಾಗಲೂ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇರುವ ಸ್ಥಿತಿಯಲ್ಲೇ ತೃಪ್ತನಾಗಿರುವುದನ್ನು ನಾನು ಕಲಿತಿದ್ದೇನೆ ಅನ್ನುತ್ತಾನೆ. ಕಲಿತದ್ದು! ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಯೇಸುವಿನ ಕಡೆ ತಿರುಗಿದ ದಿನ ಅದು ಕೈಗೆ ಬರಲಿಲ್ಲ. ಹಡಗು ಒಡೆದು, ಕಲ್ಲೇಟು ತಿಂದು, ಜೊತೆಯವರು ಬಿಟ್ಟುಹೋಗಿ, ನಿಧಾನಕ್ಕೆ ಬಂತು. ದೇಹದಲ್ಲಿ ಚುಚ್ಚುತ್ತಿದ್ದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು.

ಆ ಕಾಗದ ಫಿಲಿಪ್ಪಿಯಲ್ಲಿ ಓದುವಾಗ ಸೆರೆಮನೆಯ ಯಜಮಾನ ಅಲ್ಲಿ ಕೂತಿದ್ದಿರಬಹುದು. ಬೈಬಲ್ ಹಾಗೆ ಹೇಳುವುದಿಲ್ಲ, ನಾನು ಊಹಿಸಿಕೊಳ್ಳುತ್ತೇನೆ. ರಕ್ಷಣೆ ಅವನಿಗೆ ಒಂದೇ ರಾತ್ರಿಯಲ್ಲಿ ಸಿಕ್ಕಿತ್ತು. ತೃಪ್ತಿಯ ಪಾಠವನ್ನು ಅವನು ಆಮೇಲೆ, ಉಳಿದವರ ಜೊತೆ ಕೂತು ಕಲಿಯಬೇಕಿತ್ತು. ಅದೇ ಸಭೆಯಲ್ಲಿ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರಿಗೆ ಮನಸ್ತಾಪ ಬೇರೆ ಇತ್ತು. ಅಂಥ ಸಭೆಗೇ ಪೌಲ ಈ ಮಾತು ಬರೆದದ್ದು. ನಿಮ್ಮ ಚಡಪಡಿಕೆ ನೋಡಿ ನಿಮಗೆ ರಕ್ಷಣೆಯೇ ಇಲ್ಲ ಅನ್ನುವವರು ಪೌಲನ ಹಾಗೆ ಮಾತಾಡುತ್ತಿಲ್ಲ.

ಕರಿ ಮಣ್ಣು, ರಾಯಚೂರು

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನಾವು ಮೆಥಡಿಸ್ಟ್ ಸಭೆಯವರು. ನಮ್ಮ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯ ಕಥೆಯೂ ಇದೇ. 1735ರಲ್ಲಿ ಅವರು ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದಾಗ ಆಗಲೇ ಪಾದ್ರಿ. ಉಪವಾಸ, ಪ್ರಾರ್ಥನೆ, ಬಡವರ ಸೇವೆ, ಯಾವುದರಲ್ಲೂ ಕಡಿಮೆ ಇರಲಿಲ್ಲ. ದಾರಿಯಲ್ಲಿ ಬಿರುಗಾಳಿ ಎದ್ದಿತು. ಇಂಗ್ಲಿಷರು ಕಿರುಚಾಡುತ್ತಿದ್ದರು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಕ್ರೈಸ್ತರು, ಮಕ್ಕಳು ಹೆಂಗಸರು ಸಮೇತ, ಕೀರ್ತನೆ ಹಾಡುತ್ತಾ ಕೂತಿದ್ದರು. ಇವರಲ್ಲಿ ಇರುವುದು ನನ್ನಲ್ಲಿ ಇಲ್ಲವಲ್ಲ ಅಂತ ವೆಸ್ಲಿಗೆ ಹೊಳೆಯಿತು.

1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಅದನ್ನು ಕೇಳುವಾಗ ಎದೆ ಬೆಚ್ಚಗಾಯಿತು ಅಂತ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಕ್ರಿಸ್ತ ನನ್ನ ಪಾಪವನ್ನೂ ತೆಗೆದಿದ್ದಾನೆ ಅನ್ನುವ ಭರವಸೆ ಬಂತು ಅಂತ. ನಮ್ಮವರು ಇಷ್ಟಕ್ಕೇ ಕಥೆ ನಿಲ್ಲಿಸುತ್ತಾರೆ. ಆದರೆ ಮುಂದಿನ ದಿನಗಳಲ್ಲೇ ಮತ್ತೆ ಅನುಮಾನ, ಮನಸ್ಸಿನ ಭಾರ ಬಂದದ್ದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ನನಗೆ ಆ ಪುಟಗಳೇ ಜಾಸ್ತಿ ಸಹಾಯ ಮಾಡಿದ್ದು.

ಮುದಗಲ್ಲಿನವ

ನಾನು ಕಥೋಲಿಕ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ನಮ್ಮವರಿದ್ದಾರೆ. ಎಲ್ಲಾ ಓದಿದೆ, ಮನಸ್ಸಿಗೆ ಹಿಡಿಸಿತು. ಒಂದು ಅಳುಕು ಮಾತ್ರ ಇದೆ. ನಂಬಿದರೆ ಸಾಕು, ನಂಬಿದರೆ ಸಾಕು ಅಂತ ಹೇಳುತ್ತಾ ಹೋದರೆ ಬದುಕು ಹಾಗೇ ಉಳಿಯುತ್ತದೆ ಅಲ್ವಾ? ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬನೂ ಹೇಳಿದ್ದಾನೆ. ನಮಗೆ ಪಾಪನಿವೇದನೆ ಇದೆ, ಬಲಿಪೂಜೆ ಇದೆ, ಪರಮಪ್ರಸಾದ ಇದೆ. ಮನಸ್ಸು ಒಣಗಿದ ದಿನವೂ ಕಾಲು ಚರ್ಚಿನ ಕಡೆ ಹೋಗುತ್ತದೆ. ನನ್ನ ತೃಪ್ತಿ ಬಂದದ್ದು ಆ ನಿಯಮದಿಂದ, ಒಂದು ಸಂಜೆಯ ಅನುಭವದಿಂದ ಅಲ್ಲ.

ಗಂಗಾವತಿ ಮೇಷ್ಟ್ರು

ನಿಮ್ಮ ಅಳುಕು ನ್ಯಾಯವಾದದ್ದು. ನಂಬಿಕೆಯೋ ಕ್ರಿಯೆಯೋ ಅನ್ನುವ ಈ ಜಗಳಕ್ಕೆ ಯುರೋಪಿನಲ್ಲಿ ರಕ್ತವೇ ಹರಿದಿದೆ. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನಲ್ಲಿ ಇಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ. ಪವಿತ್ರಾತ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆ ಕೆಲಸಕ್ಕೆ ಕರೆಯುತ್ತಾನೆ. ಅದರ ಸಾರ ಇದು. 2006ರಲ್ಲಿ ಮೆಥಡಿಸ್ಟರೂ ಒಪ್ಪಿದರು. ಅಂದರೆ ಇಲ್ಲಿ ಬರೆಯುತ್ತಿರುವ ಮುದಗಲ್ಲಿನವರಿಗೂ ರಾಯಚೂರಿನವರಿಗೂ ಈ ವಿಷಯದಲ್ಲಿ ದೊಡ್ಡ ಗೋಡೆ ಇಲ್ಲ.

ಸೆರೆಮನೆಯ ಯಜಮಾನನನ್ನೇ ಮತ್ತೆ ನೋಡಿ. ಸಂಜೆ ಕೋಳ ಹಾಕಿದ ಕೈ ಅದು. ನಡುರಾತ್ರಿ ಅದೇ ಕೈ ಗಾಯ ತೊಳೆಯಿತು. ಗಾಯ ತೊಳೆದದ್ದಕ್ಕೆ ರಕ್ಷಣೆ ಸಿಗಲಿಲ್ಲ. ರಕ್ಷಣೆ ಸಿಕ್ಕಿದ್ದಕ್ಕೆ ತೊಳೆಯದೆ ಇರಲು ಆಗಲಿಲ್ಲ.

ಕುರಿ ಹಟ್ಟಿ, ಕೊಪ್ಪಳ

ನಾನು ಕ್ರೈಸ್ತನಲ್ಲ. ಪ್ರತಿ ವರ್ಷ ಗವಿಸಿದ್ಧೇಶ್ವರ ಜಾತ್ರೆಗೆ ಹೋಗುವವನು, ಮಹಾದಾಸೋಹದಲ್ಲಿ ರೊಟ್ಟಿ ಬಡಿಸುವವನು. ಆದರೂ ಇಲ್ಲಿ ಬರೆಯಬೇಕು ಅನ್ನಿಸಿತು. ಚಿಕ್ಕವನಿದ್ದಾಗ ಮಿಷನ್ ಹಾಸ್ಟೆಲಿನಲ್ಲಿದ್ದೆ. ಅಲ್ಲಿ ಬಾಯಿಪಾಠ ಮಾಡಿಸಿದ್ದು ಇನ್ನೂ ನೆನಪಿದೆ: ಯೆಹೋವನು ನನಗೆ ಕುರುಬನು, ಕೊರತೆಪಡೆನು.

ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆ ಅಂತ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ. ರಾತ್ರಿ ಸುತ್ತ ಬಲೆ ಕಟ್ಟುತ್ತೇವೆ. ನಮ್ಮ ಜಿಲ್ಲೆಯ ಬಂಕಾಪುರದ ಕಡೆ ತೋಳ ಈಗಲೂ ಇವೆ. ತೋಳದ ವಾಸನೆ ಬಂದರೆ ಕುರಿ ಮಲಗುವುದಿಲ್ಲ. ನಿಂತೇ ಇರುತ್ತವೆ, ಒಂದಕ್ಕೊಂದು ಒತ್ತಿಕೊಂಡು. ಅಪ್ಪ ಎದ್ದು ಕಂಬಳಿ ಹೊದ್ದು, ಹೋ ಅಂತ ಸದ್ದು ಮಾಡುತ್ತಾ ಒಂದು ಸುತ್ತು ಬರುತ್ತಾರೆ. ಆಮೇಲೆ ಒಂದೊಂದಾಗಿ ಮಂಡಿಯೂರಿ ಮಲಗುತ್ತವೆ. ತೋಳ ಹೋಗಿದೆಯಾ ಇಲ್ಲವಾ ಅವಕ್ಕೆ ಗೊತ್ತಿಲ್ಲ. ಅಪ್ಪ ಇದ್ದಾರೆ ಅಂತ ಮಾತ್ರ ಗೊತ್ತು.

ಆ ಕೀರ್ತನೆ ನನಗೆ ಅರ್ಥವಾದದ್ದು ಹೀಗೆ. ನಿಮ್ಮನ್ನು ಕೇಳುವುದು ಎರಡು. ನೀವು ಪದೇಪದೇ ರಕ್ಷಣೆ ಅನ್ನುತ್ತೀರಿ. ಯಾವುದರಿಂದ ರಕ್ಷಣೆ? ಇನ್ನೊಂದು, ಇರುವುದರಲ್ಲೇ ತೃಪ್ತಿ ಅಂದರೆ ಬಡವ ಬಡವನಾಗಿಯೇ ಸುಮ್ನೆ ಇರಲಿ ಅಂತಲಾ?

ಸಿಂಧನೂರು ಅಕ್ಕ

ಅಣ್ಣಾ, ನೀವು ಬರೆದದ್ದನ್ನು ನಮ್ಮ ಮಹಿಳಾ ಕೂಟದಲ್ಲಿ ಓದಿ ಹೇಳುತ್ತೇನೆ. ಕೀರ್ತನೆಯಲ್ಲೂ ಹಾಗೇ ಇದೆ. ಕಾರ್ಗತ್ತಲಿನ ಕಣಿವೆ ಮಾಯವಾಗುವುದಿಲ್ಲ, ಜೊತೆಗೆ ನೀನಿದ್ದೀ ಅನ್ನುತ್ತಾನೆ.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ. ಖಂಡಿತ ಅಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಭಾಗದಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ನಾವು ಚರ್ಚಿನಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದೆವು. ನೀರು ಉಳಿಯಲಿ ಅಂತ ಕೇಳಿದೆವು, ಗೇಟಿನ ಮೇಲೆ ಜೀವ ಪಣಕ್ಕಿಟ್ಟವರ ಹೆಸರು ಹೇಳಿಯೂ ಕೇಳಿದೆವು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಇಳಿಸಿತು. ಆಮೇಲೆ ಮಳೆ ಬಂದು ಮತ್ತೆ ತುಂಬಿತು. ತೃಪ್ತಿ ಇರುವವನು ಕೈ ಕಟ್ಟಿ ಕೂರುವುದಿಲ್ಲ. ಭಯ ಬಿಟ್ಟು ಕೆಲಸ ಮಾಡುತ್ತಾನೆ. ಕೂಲಿ ಸರಿಯಾಗಿ ಕೊಡಿ ಅಂತ ಕೇಳುವುದೂ ನಂಬಿಕೆಯ ಕೆಲಸವೇ. ಕೂಲಿಯವರಿಗೆ ಹಿಡಿದಿಟ್ಟ ಸಂಬಳ ದೇವರ ಮುಂದೆ ಕೂಗುತ್ತದೆ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಬಡವರಿಗೆ ತೃಪ್ತಿಯ ಉಪದೇಶ ಮಾಡಿ, ಉಳ್ಳವರ ಮುಂದೆ ಬಾಯಿ ಮುಚ್ಚಿಕೊಳ್ಳುವವರನ್ನು ನಾನು ಒಪ್ಪುವುದಿಲ್ಲ.

ಯಾವುದರಿಂದ ರಕ್ಷಣೆ ಅಂದರೆ, ಪಾಪದಿಂದ, ಮರಣದಿಂದ ಅಂತ ನಾವು ಹೇಳುತ್ತೇವೆ. ಲೂಕ 15ರಲ್ಲಿ ಮನೆ ಬಿಟ್ಟು ಹೋದ ಮಗನ ಕಥೆ ನಿಮಗೂ ಗೊತ್ತಿರಬಹುದು. ಆಸ್ತಿ ಪಾಲು ಹಾಳುಮಾಡಿ ತಿರುಗಿ ಬಂದ ಚಿಕ್ಕ ಮಗನಿಗೆ ಅಪ್ಪ ಹಬ್ಬದೂಟ ಮಾಡಿಸುತ್ತಾನೆ. ಸಿಟ್ಟಾಗಿ ಒಳಗೆ ಬರದೆ ನಿಂತ ದೊಡ್ಡ ಮಗನನ್ನು ಜನ ಮರೆಯುತ್ತಾರೆ. ಅವನು ಮನೆ ಬಿಟ್ಟಿಲ್ಲ. ಆದರೆ ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತ ಲೆಕ್ಕ ಇಟ್ಟುಕೊಂಡಿದ್ದಾನೆ. ಅಪ್ಪ ಅವನ ಹತ್ತಿರಕ್ಕೂ ಹೊರಗೆ ಬರುತ್ತಾನೆ. ಮಗನೇ, ನನ್ನದೆಲ್ಲಾ ನಿನ್ನದೇ ಅನ್ನುತ್ತಾನೆ. ಅಪ್ಪನ ಮನೆಯಲ್ಲಿದ್ದು ಆಳಿನ ಹಾಗೆ ಬದುಕುವುದೂ ದೂರ ಹೋದದ್ದೇ. ಅಲ್ಲಿಂದ ಕರೆದು ತರುವುದು ರಕ್ಷಣೆ. ಅದಕ್ಕೆ ಯೇಸು ಶಿಲುಬೆಯಲ್ಲಿ ಬೆಲೆ ಕೊಟ್ಟಿದ್ದಾನೆ ಅಂತ ನಾವು ನಂಬುತ್ತೇವೆ.

ಬಳ್ಳಾರಿ ತಮ್ಮಾ, ನೀನು ಆ ದೊಡ್ಡ ಮಗ ಇರಬಹುದಾ ಅಂತ ಯೋಚಿಸು.

ರಾತ್ರಿ ಪಾಳಿ, ಬಳ್ಳಾರಿ

ನಾನು ನರ್ಸ್. ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬಂದೆ. ಚಡಪಡಿಕೆಯ ಜೊತೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕು ಅನ್ನಿಸಿದರೆ, ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

1 ಅರಸುಗಳು 19ರಲ್ಲಿ ಎಲೀಯ ಜಾಲಿಯಂಥ ಒಂದು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ಅಂಥ ದೊಡ್ಡ ಪ್ರವಾದಿ. ದೇವದೂತ ಬಂದು ಬೈಯಲಿಲ್ಲ. ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಅದೂ ಬೈಬಲಿನಲ್ಲೇ ಇದೆ. ವಾರ್ಡಿನಲ್ಲಿ ಯಾರಾದರೂ ಓದಿ ಅಂದಾಗ ನಾನು ಅದನ್ನೂ ಓದಿದ್ದೇನೆ. ಅತ್ತು ಹಗುರವಾದವರಿದ್ದಾರೆ.

ಕೋಟೆ ಬೀದಿ, ಬಳ್ಳಾರಿ

ಎಲ್ಲರಿಗೂ ವಂದನೆ. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನರ್ಸ್ ಅಕ್ಕಾ, ನಿದ್ದೆ ಊಟ ಸರಿಯಾಗಿದೆ. ನಂಬರ್ ಬರೆದಿಟ್ಟುಕೊಂಡಿದ್ದೇನೆ, ಕೊಡಬೇಕಾದ ಇನ್ನೊಬ್ಬರಿದ್ದಾರೆ.

ದೊಡ್ಡ ಮಗನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅಪ್ಪನಿಗೂ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, ಇಡೀ ಕಾಗದ ಓದು ಅಂದರು, ಆ ಫಿಲಿಪ್ಪಿಯವರದ್ದು. ನಾವಿಬ್ಬರೂ ಕೂತು ಬೈಬಲ್ ಓದಿದ್ದೇ ಇಲ್ಲ. ಅವರಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಕಾಣುವುದಿಲ್ಲ. ಎಲ್ಲಿಂದ ಶುರು ಮಾಡಲಿ ಮೇಷ್ಟ್ರೇ?

ಗಂಗಾವತಿ ಮೇಷ್ಟ್ರು

ಅಪ್ಪ ಕೇಳಿದ್ದರಿಂದಲೇ ಶುರು ಮಾಡಿ. ಫಿಲಿಪ್ಪಿಯವರಿಗೆ ಬರೆದ ಪತ್ರ ನಾಲ್ಕೇ ಅಧ್ಯಾಯ. ಒಂದೇ ಸಲ ಕೂತು ಓದಿ, ಗಟ್ಟಿಯಾಗಿ, ಕಾಗದ ಓದುವ ಹಾಗೆ. ಮೊದಲು ಅಪೊಸ್ತಲರ ಕೃತ್ಯಗಳು 16 ಓದಿಕೊಂಡರೆ ಊರು ಯಾವುದು, ಜನ ಯಾರು ಅಂತ ಗೊತ್ತಾಗುತ್ತದೆ. ಆಮೇಲೆ ಲೂಕ. 24 ಅಧ್ಯಾಯ ಇದೆ, ದಿನಕ್ಕೆ ಒಂದು ಸಾಕು. ಜಕ್ಕಾಯನ ಹತ್ತಿರ ಬಂದಾಗ ನಿಧಾನಿಸಿ, 19ನೇ ಅಧ್ಯಾಯ. ದುಡ್ಡಿನ ಹಿಂದೆ ಓಡಿದವನ ಮನೆಗೆ ಯೇಸು ತಾನೇ ಅತಿಥಿಯಾಗಿ ಹೋಗುತ್ತಾನೆ. ನಿಮ್ಮಪ್ಪನಿಗೆ ಅದರ ಬಗ್ಗೆ ಹೇಳಲು ಇರುತ್ತದೆ, ನೀವು ಕೇಳಿಸಿಕೊಳ್ಳಿ.

ದೊಡ್ಡ ಅಕ್ಷರದ ಸತ್ಯವೇದ, ಅಂದರೆ ಕನ್ನಡ ಬೈಬಲ್, ಬೈಬಲ್ ಸೊಸೈಟಿಯವರಲ್ಲಿ ಸಿಗುತ್ತದೆ. ಫೋನಿನಲ್ಲಿ ಕನ್ನಡ ಆಡಿಯೋ ಕೂಡ ಇದೆ. ಆದರೆ ನೀವೇ ಓದುವುದು ಒಳ್ಳೆಯದು. ಇಡೀ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಶುರುವಾದದ್ದು ನಿಮ್ಮೂರಲ್ಲೇ. ಆ ಕೆಲಸ ಮಾಡಿದ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಪೂರ್ತಿ ಬೈಬಲ್ ಹೊರಬಂದದ್ದು 1831ರಲ್ಲಿ. ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಓದುವಾಗ ತಡೆದರೆ ಇಲ್ಲೇ ಕೇಳಿ. ಗುರುವಾರ ಸಂಜೆ ನಾನು ಬಿಡುವಾಗಿರುತ್ತೇನೆ.

ಕುರಿ ಹಟ್ಟಿ, ಕೊಪ್ಪಳ

ಮೇಷ್ಟ್ರೇ, ಲೂಕ ಓದುವಾಗ ನನ್ನನ್ನೂ ಸೇರಿಸಿಕೊಳ್ಳಿ. ಆ ದೊಡ್ಡ ಮಗ ಕೊನೆಗೆ ಒಳಗೆ ಹೋದನಾ ಇಲ್ಲವಾ, ಅಕ್ಕ ಹೇಳಲೇ ಇಲ್ಲ.

ಸಿಂಧನೂರು ಅಕ್ಕ

ಯೇಸುವೂ ಹೇಳಲಿಲ್ಲ ಅಣ್ಣಾ. ಅಪ್ಪನ ಮಾತಿಗೇ ಕಥೆ ನಿಲ್ಲಿಸಿದ್ದಾನೆ. 15ನೇ ಅಧ್ಯಾಯಕ್ಕೆ ಬಂದಾಗ ಎಲ್ಲರೂ ಸೇರಿ ಮಾತಾಡೋಣ.